ಹೆಪ್ಪುಗಟ್ಟಿದ ಕೆರೆಯ ಮೇಲೊಂದು ಬ್ಯಾಟರಿ ಪಾಠ

ಕೆರೆಯ ಮೇಲೆ ಕಾರು ಓಡಿಸುತ್ತಾರೆ ಎಂದರೆ ನಮ್ಮ ತೀರ್ಥಹಳ್ಳಿ ಕಡೆ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. 2019ರ ಜನವರಿಯ ಒಂದು ಶನಿವಾರ ಬೆಳಿಗ್ಗೆ, ಅಳಿಯ ಯಾವ ಅಳುಕೂ ಇಲ್ಲದೆ ದಡದ ರಸ್ತೆಯಿಂದ ಕಾರನ್ನು ನೇರವಾಗಿ ಕೆರೆಗೆ ಇಳಿಸಿದಾಗ ನಾನು ಬಾಗಿಲಿನ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಹಿಂದಿನ ಸೀಟಿನಲ್ಲಿದ್ದ ಹದಿನಾಲ್ಕು ವರ್ಷದ ಮೊಮ್ಮಗಳು ಕಿಲಕಿಲ ನಕ್ಕಳು. "ಅಜ್ಜ, ಅಡಿಯಲ್ಲಿ ಹದಿನಾರು ಇಂಚು ಐಸ್ ಇದೆ. ಹೆದರಬೇಡಿ!"

ಅದು ಅಮೆರಿಕದ ಮಿನ್ನೆಸೋಟ ರಾಜ್ಯ. 'ಹತ್ತು ಸಾವಿರ ಕೆರೆಗಳ ನಾಡು' ಎಂದು ಅಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೇ ಬರೆದಿರುತ್ತದೆ. ಇದು ಉತ್ಪ್ರೇಕ್ಷೆಯಲ್ಲ, ವಿನಯ. ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ ಅಲ್ಲಿ 11,842 ಇವೆ. ನಾವು ಹೋದದ್ದು ಮಿನಿಯಾಪೊಲಿಸ್ ನಗರದಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ದೂರದ ಮಿಲ್ ಲ್ಯಾಕ್ಸ್ ಕೆರೆಗೆ. ಇದು ಫ್ರೆಂಚರು ಕೊಟ್ಟ ಹೆಸರು. 'ಸಾವಿರ ಕೆರೆಗಳು' ಎಂದು ಅರ್ಥ. ಇದರ ದಡದಲ್ಲಿ ಇಂದಿಗೂ ಬಾಳುತ್ತಿರುವ ಒಜಿಬ್ವೆ ಮೂಲನಿವಾಸಿಗಳು ಇದನ್ನು ತಮ್ಮ ಭಾಷೆಯಲ್ಲಿ 'ಹಿರಿಯ ಕೆರೆ' ಎಂದೇ ಕರೆಯುತ್ತಾರೆ. ವಿಸ್ತಾರ 500 ಚದರ ಕಿಲೋಮೀಟರಿಗೂ ಹೆಚ್ಚು. ಚನ್ನಗಿರಿಯ ಶಾಂತಿಸಾಗರದಂಥ ಸುಮಾರು ಇಪ್ಪತ್ತು ಕೆರೆಗಳನ್ನು ಒಟ್ಟು ಸೇರಿಸಿದಷ್ಟು. ಆದರೆ ಆಳ ಮಾತ್ರ ಹೆಚ್ಚಿಲ್ಲ. ಅತಿ ಆಳವಾದ ಜಾಗದಲ್ಲೂ 42 ಅಡಿಯಷ್ಟೇ.

ಚಳಿಗಾಲದಲ್ಲಿ ಈ ಕೆರೆ ಒಂದು ಊರಾಗುತ್ತದೆ. ಮಂಜುಗಡ್ಡೆಯ ಮೇಲೆ ಬಣ್ಣಬಣ್ಣದ ಪುಟ್ಟ ಮನೆಗಳು, ಡೇರೆಗಳು. ಹಿಮ ಗೋರಿ ಮಾಡಿದ ರಸ್ತೆಗಳು. ದಾರಿ ತಪ್ಪದಿರಲೆಂದು, ಹಬ್ಬ ಮುಗಿದ ಮೇಲೆ ಎಸೆಯುವ ಕ್ರಿಸ್‌ಮಸ್ ಮರಗಳನ್ನು ರಸ್ತೆಯ ಪಕ್ಕದಲ್ಲಿ ಸಾಲಾಗಿ ನೆಟ್ಟಿರುತ್ತಾರೆ. ನಡೆಯಲು ಕನಿಷ್ಠ 4 ಇಂಚು, ಸಣ್ಣ ಕಾರಿಗೆ 9ರಿಂದ 10 ಇಂಚು ದಪ್ಪದ ಗಡ್ಡೆ ಬೇಕೆಂಬುದು ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಈಗಿನ ಸಲಹೆ. ಎಷ್ಟೇ ದಪ್ಪವಿದ್ದರೂ ಯಾವ ಮಂಜುಗಡ್ಡೆಯೂ ನೂರಕ್ಕೆ ನೂರು ಸುರಕ್ಷಿತವಲ್ಲ ಎಂದೂ ಅದೇ ಇಲಾಖೆ ಸಾರುತ್ತದೆ.

ನಾನು ಚಿಕ್ಕಂದಿನಲ್ಲಿ ತುಂಗೆಯ ದಡದಲ್ಲಿ ಕೂತು ವಾಟೆಕೋಲಿಗೆ ದಾರ ಕಟ್ಟಿ, ಎರೆಹುಳು ಚುಚ್ಚಿ ಗಾಳ ಹಾಕಿದವನು. ಮೀನು ಎಲ್ಲಿದೆ ಎಂದು ತಿಳಿಯಲು ನಮಗೆ ನೀರಿನ ಮೇಲಿನ ಗುಳ್ಳೆ, ಸುಳಿ, ಕೊಕ್ಕರೆಯ ಕುತ್ತಿಗೆ ಇಷ್ಟೇ ಆಧಾರ. ಮಂಜುಗಡ್ಡೆಯ ಕೆಳಗಿನ ಮೀನನ್ನು ಹಾಗೆ ನೋಡಲಾದೀತೇ? ಅದಕ್ಕೆಂದೇ ಇವರ ಬಳಿ ಒಂದು ಯಂತ್ರ. ಫಿಶ್ ಫೈಂಡರ್. ಮೀನುಶೋಧಕ ಎನ್ನೋಣ.

ಅಡುಗೆಮನೆಯ ಮೇಜಿನ ಮೇಲೆ

ಹಿಂದಿನ ದಿನ ಸಂಜೆ ಅಳಿಯ ಆ ಯಂತ್ರವನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದ. ಯಾರೋ ಬಳಸಿದ್ದನ್ನು ಅಗ್ಗಕ್ಕೆ ಕೊಂಡದ್ದು. ಐದು ಇಂಚಿನ ಪರದೆ, ಅದಕ್ಕೊಂದು ಉದ್ದನೆಯ ವಯರು, ವಯರಿನ ತುದಿಯಲ್ಲಿ ನೀರಿಗೆ ಇಳಿಬಿಡುವ ಸಣ್ಣ ಗುಂಡು. ಅದರೊಳಗೆ ಉಪಗ್ರಹಗಳಿಂದ ಸ್ಥಳ ಗುರುತಿಸುವ ಜಿಪಿಎಸ್ ಕೂಡ ಇತ್ತು. ಬ್ಯಾಟರಿ ಮಾತ್ರ ಇರಲಿಲ್ಲ. "ಇದು ಸಾಲುತ್ತದೆಯೇ ನೋಡಿ ಮಾವ" ಎಂದು ಅಳಿಯ ಕಂಪ್ಯೂಟರಿನ ಯುಪಿಎಸ್ಸಿನಿಂದ ತೆಗೆದಿಟ್ಟಿದ್ದ ಒಂದು ಹಳೆಯ ಬ್ಯಾಟರಿಯನ್ನು ತಂದ. ನಮ್ಮಲ್ಲಿ ಎಮರ್ಜೆನ್ಸಿ ದೀಪಗಳಲ್ಲಿ ಇರುತ್ತದಲ್ಲ, ಅದೇ ಜಾತಿಯ ಮೊಹರಾದ ಸೀಸ-ಆಮ್ಲದ ಬ್ಯಾಟರಿ. ಇಟ್ಟಿಗೆಯಂಥ ಆಕಾರ, ಎರಡೂವರೆ ಕಿಲೋ ತೂಕ. ಮೇಲೆ '12 ವೋಲ್ಟ್, 7 ಆಂಪಿಯರ್-ಗಂಟೆ' ಎಂದು ಅಚ್ಚಾಗಿತ್ತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತವಿಜ್ಞಾನ ಕಲಿಸಿದ ನನಗೆ ಇದಕ್ಕಿಂತ ಸುಲಭದ ಪ್ರಶ್ನೆ ಬೇಕೇ? ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗದ ತೆಗೆದೆ. ವೋಲ್ಟ್ ಎಂದರೆ ನೀರಿನ ತೊಟ್ಟಿಯ ಎತ್ತರವಿದ್ದಂತೆ. ಆಂಪಿಯರ್ ಎಂದರೆ ನಲ್ಲಿಯಿಂದ ಹರಿಯುವ ನೀರಿನ ರಭಸ. ಆಂಪಿಯರ್-ಗಂಟೆ ಎಂದರೆ ತೊಟ್ಟಿಯಲ್ಲಿರುವ ಒಟ್ಟು ನೀರು. ಯಂತ್ರದ ಕೈಪಿಡಿಯ ಪ್ರಕಾರ ಅದು ಎಳೆಯುವುದು 0.8 ಆಂಪಿಯರ್. ಏಳನ್ನು 0.8ರಿಂದ ಭಾಗಿಸಿದರೆ 8.75. "ಎಂಟೂಮುಕ್ಕಾಲು ಗಂಟೆ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಹಾಕಿದರೆ ಕತ್ತಲಾದ ಮೇಲೂ ಉಳಿದಿರುತ್ತದೆ" ಎಂದು ಉತ್ತರದ ಕೆಳಗೆ ಎರಡು ಗೆರೆ ಎಳೆದೆ. ಅವಳು ಆ ಕಾಗದವನ್ನು ಮಡಚಿ ಇಟ್ಟುಕೊಂಡಳು.

ಹೊರಡುವಾಗ ಅವಳಮ್ಮ, ಅಂದರೆ ನನ್ನ ಮಗಳು, "ಇವತ್ತೊಂದು ದಿನವಾದರೂ ಇದನ್ನು ಬಿಟ್ಟಿರು" ಎಂದು ಹುಡುಗಿಯ ಫೋನನ್ನು ಕಿತ್ತಿಟ್ಟುಕೊಂಡಳು. ನಾನು ತಲೆಯಾಡಿಸಿ ಮೆಚ್ಚಿದೆ.

ಗಡ್ಡೆಯ ಕೆಳಗಿನ ಲೋಕ

ಕಾರನ್ನು ಮರದ ಸಾಲಿನ ಪಕ್ಕದಲ್ಲಿ ನಿಲ್ಲಿಸಿ, ಆ ಜಾಗವನ್ನು ಯಂತ್ರದಲ್ಲಿ ಗುರುತು ಹಾಕಿ, ಜಾರುಬಂಡಿಯ ಮೇಲೆ ಡೇರೆ ಎಳೆದುಕೊಂಡು ಸುಮಾರು ಅರ್ಧ ಕಿಲೋಮೀಟರ್ ನಡೆದೆವು. ಉಷ್ಣಮಾನ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಮೀಸೆಯ ಮೇಲೆ ಉಸಿರೇ ಹೆಪ್ಪುಗಟ್ಟುತ್ತಿತ್ತು. ಅಳಿಯ ತಿರುಪಿನಂಥ ಬೈರಿಗೆಯಿಂದ ಗಡ್ಡೆ ಕೊರೆದ. ರಂಧ್ರದಲ್ಲಿ ಕಪ್ಪನೆಯ ನೀರು ಉಕ್ಕಿ ಬಂತು. ನನ್ನ ಹೆಸರಿಗೂ ಒಂದು ದಿನದ ಮೀನುಗಾರಿಕೆ ಪರವಾನಗಿ ಪಡೆದಿದ್ದರು. ಆ ರಾಜ್ಯದಲ್ಲಿ ನೆಲೆಸಿರುವ, ಹದಿನಾರು ತುಂಬದ ಮಕ್ಕಳಿಗೆ ಅದು ಬೇಕಿಲ್ಲ.

ಮೊಮ್ಮಗಳು ಗುಂಡನ್ನು ನೀರಿಗಿಳಿಸಿ ಗುಂಡಿ ಒತ್ತಿದಳು. ಪರದೆಯ ಕೆಳಗಡೆ ದಪ್ಪ ಗೆರೆಯೊಂದು ಮೂಡಿತು. ಅದು ಕೆರೆಯ ತಳ, 30 ಅಡಿ ಕೆಳಗೆ. ಯಂತ್ರ ಒಂದು ಶಬ್ದವನ್ನು ಕೆಳಗೆ ಕಳುಹಿಸುತ್ತದೆ. ತಳಕ್ಕೆ ಬಡಿದು ಪ್ರತಿಧ್ವನಿ ಮರಳುವ ವೇಳೆಯನ್ನು ಅಳೆಯುತ್ತದೆ. ಅಂಥ ತಣ್ಣೀರಿನಲ್ಲಿ ಶಬ್ದ ಸೆಕೆಂಡಿಗೆ 1,400 ಮೀಟರಿಗೂ ತುಸು ಹೆಚ್ಚು ವೇಗದಲ್ಲಿ ಓಡುತ್ತದೆ. 30 ಅಡಿ ಹೋಗಿ ಬರಲು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಸಮಯ ಸಾಕು. ನಡುವೆ ಮೀನು ಬಂದರೆ ಅದರ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ತಾಗಿ ಶಬ್ದ ಬೇಗನೆ ಮರಳುತ್ತದೆ. ಪರದೆಯ ಮೇಲೆ ಒಂದು ಕಮಾನು ಮೂಡುತ್ತದೆ.

ಇಂಥ ಯಂತ್ರವನ್ನು ಮೀನುಗಾರರ ಕೈಗೆ ಮೊದಲು ತಲುಪಿಸಿದವರು ಜಪಾನಿನ ನಾಗಸಾಕಿ ಪ್ರಾಂತದ ಫುರುನೊ ಸಹೋದರರು, 1948ರಲ್ಲಿ. ದೋಣಿಗೆ ಬಿಗಿಯುವ ಆ ಯಂತ್ರವನ್ನು ಕೈಯಲ್ಲಿ ಒಯ್ಯುವಷ್ಟು ಚಿಕ್ಕದಾಗಿಸಿ 1950ರ ದಶಕದ ಕೊನೆಯಲ್ಲಿ ಹೆಸರು ಮಾಡಿದವರು ಅಮೆರಿಕದ ಕಾರ್ಲ್ ಲೋರನ್ಸ್. ಅಪ್ಪ ಮಕ್ಕಳು ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಕೆರೆಗಳ ತಳಕ್ಕೆ ಮುಳುಗಿ ಮೀನುಗಳು ಎಲ್ಲಿ ಗುಂಪುಗೂಡುತ್ತವೆ ಎಂದು ಕಣ್ಣಾರೆ ನೋಡಿದ ಅನುಭವವೇ ಆ ಯಂತ್ರಕ್ಕೆ ಪ್ರೇರಣೆ. ಜನ ಅದನ್ನು 'ಪುಟ್ಟ ಹಸಿರು ಪೆಟ್ಟಿಗೆ' ಎಂದು ಕರೆದರು. ಟ್ರಾನ್ಸಿಸ್ಟರ್ ಬಂದು ವಿದ್ಯುತ್ತಿನ ಹಸಿವು ಕಡಿಮೆಯಾದದ್ದರಿಂದಲೇ ಅದು ಸಾಧ್ಯವಾಯಿತು. ಅಂದಿನಿಂದ ಇಂದಿನವರೆಗೂ ಇಂಥ ಯಂತ್ರದ ಜೀವ ಇರುವುದು ಬ್ಯಾಟರಿಯಲ್ಲೇ.

ಮಧ್ಯಾಹ್ನದೊಳಗೆ ಹಳದಿ ಪಟ್ಟೆಯ ಮೂರು ಪರ್ಚ್ ಮೀನು ಸಿಕ್ಕವು. ಒಂದು ನನ್ನ ಗಾಳಕ್ಕೆ. ತುಂಗೆಯ ದಡದ ಹುಡುಗ ಅರವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಎದ್ದು ಕುಣಿದ.

ಎರಡೂಕಾಲಕ್ಕೆ

ಸರಿಯಾಗಿ ಎರಡೂಕಾಲಕ್ಕೆ ಪರದೆ ಒಮ್ಮೆ ಮಂಕಾಯಿತು. ಮತ್ತೆ ಹೊತ್ತಿಕೊಂಡು ಆರಿಹೋಯಿತು. ಹತ್ತು ಗಂಟೆಗೆ ಹಾಕಿದ್ದು. ನಾಲ್ಕೂಕಾಲು ಗಂಟೆ ಮಾತ್ರ. "ನಿಮ್ಮ ಲೆಕ್ಕದ ಪ್ರಕಾರ ಇನ್ನೂ ನಾಲ್ಕೂವರೆ ಗಂಟೆ ಇರಬೇಕಿತ್ತು ಅಜ್ಜ" ಎಂದಳು ಮೊಮ್ಮಗಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಆಶ್ಚರ್ಯವಿತ್ತು. ಅದೇ ಹೆಚ್ಚು ಚುಚ್ಚಿತು.

"ಹೋಗಲಿ, ಮೂರು ಮೀನು ಸಾಕು" ಎಂದು ಡೇರೆಯ ಬಾಗಿಲು ತೆರೆದ ಅಳಿಯ ಹಾಗೇ ನಿಂತುಬಿಟ್ಟ. ಹೊರಗೆ ಏನೂ ಇರಲಿಲ್ಲ. ಗಾಳಿ ಎದ್ದು ಒಣ ಹಿಮವನ್ನು ನೆಲದಿಂದ ಮೇಲಕ್ಕೆ ಬಾಚಿ ತೂರುತ್ತಿತ್ತು. ಆಕಾಶ, ಕೆರೆ, ದಡ ಎಲ್ಲ ಒಂದೇ ಬಿಳುಪು. ನಾವು ಬಂದ ಹೆಜ್ಜೆಗುರುತು ಅಳಿಸಿಹೋಗಿತ್ತು. ಹತ್ತು ಮಾರು ದೂರದ ವಸ್ತುವೂ ಕಾಣುತ್ತಿರಲಿಲ್ಲ. ಅಲ್ಲಿ ಜನವರಿಯಲ್ಲಿ ಐದು ಗಂಟೆಗೆ ಕತ್ತಲು. ಅಳಿಯನ ಫೋನು ಕಾರಿನಲ್ಲಿ ಚಾರ್ಜಿಗೆ ಹಾಕಿತ್ತು. ನನ್ನದನ್ನು ನಾನು ತಂದಿರಲೇ ಇಲ್ಲ. ಮೂರನೆಯದು ಮಗಳ ಕಪಾಟಿನಲ್ಲಿ. ಕಾರು ನಿಲ್ಲಿಸಿದ ಜಾಗ ತಿಳಿದಿದ್ದದ್ದು ಸತ್ತುಹೋದ ಆ ಯಂತ್ರಕ್ಕೆ ಮಾತ್ರ.

ಇಂಥ ಹೊತ್ತಿನಲ್ಲಿ ದಿಕ್ಕು ತಿಳಿಯದೆ ಹೊರಟು ಕೆರೆಯ ನಡುವಿಗೆ ನಡೆದರೆ ಗತಿಯೇನು? ಡೇರೆಯಲ್ಲೇ ಕಾಯುವುದು ಸರಿ ಎಂದು ಅಳಿಯ ಹೇಳಿದ. ಅವನ ಮುಖದಲ್ಲಿ ಮಗಳ ಬಗ್ಗೆ ಚಿಂತೆ ಇತ್ತು. ನನಗೆ ಚಳಿಗಿಂತ ಹೆಚ್ಚಾಗಿ ಆ ಎರಡು ಗೆರೆಗಳು ಕಾಡುತ್ತಿದ್ದವು.

ಆಗ ಹುಡುಗಿಯೇ ಕೇಳಿದಳು. "ಶಾಲೆಯ ಬಸ್ಸಿಗೆ ಕಾಯುವಾಗ ಚಳಿಗೆ ನನ್ನ ಫೋನು ಆಫ್ ಆಗಿಬಿಡುತ್ತದೆ. ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿದರೆ ಮತ್ತೆ ಬರುತ್ತದೆ. ಇದಕ್ಕೂ ಹಾಗೇ ಮಾಡಬಹುದೇ?"

ಮೂವತ್ತು ವರ್ಷ ಪಾಠ ಹೇಳಿದವನ ತಲೆಯಲ್ಲಿ ದೀಪ ಹತ್ತಿತು. ಬ್ಯಾಟರಿಯೊಳಗೆ ನಡೆಯುವುದು ರಾಸಾಯನಿಕ ಕ್ರಿಯೆ. ಚಳಿಯಲ್ಲಿ ಅದು ನಿಧಾನವಾಗುತ್ತದೆ, ಒಳಗಿನ ತಡೆ ಹೆಚ್ಚುತ್ತದೆ. ತೊಟ್ಟಿಯಲ್ಲಿ ನೀರಿದೆ, ಆದರೆ ಕೊಳವೆ ಕಟ್ಟಿಕೊಂಡಿದೆ. ತಂತಿ ಕಳಚಿ, ತುದಿಗಳು ಒಂದಕ್ಕೊಂದು ತಾಗದಂತೆ ಅಂಟುಪಟ್ಟಿ ಸುತ್ತಿ, ಆ ಎರಡೂವರೆ ಕಿಲೋ ಮಂಜಿನಂಥ ಸೀಸದ ಇಟ್ಟಿಗೆಯನ್ನು ನನ್ನ ಕೋಟಿನೊಳಗೆ ಸ್ವೆಟರಿಗೆ ಅವುಚಿಕೊಂಡು ಕೂತೆ. ಮುಕ್ಕಾಲು ಗಂಟೆ. ಹಾಗೆ ಕೂತದ್ದರಿಂದ ಎರಡು ಲಾಭ: ಬ್ಯಾಟರಿ ಬೆಚ್ಚಗಾಯಿತು, ಜೊತೆಗೆ ವಿಶ್ರಾಂತಿಯೂ ಸಿಕ್ಕಿ ಒಳಗಿನ ಆಮ್ಲ ಫಲಕಗಳ ಕಡೆಗೆ ಮತ್ತೆ ಹರಡಿತು.

ಕೋಟಿನ ಗುಂಡಿಗಳ ನಡುವಿನಿಂದ ವಯರು ಹೊರಗೆಳೆದು ಯಂತ್ರಕ್ಕೆ ಸಿಕ್ಕಿಸಿದೆವು. ಪರದೆಯ ಬೆಳಕನ್ನು ಕನಿಷ್ಠಕ್ಕೆ ಇಳಿಸಿದೆವು. ಹೊತ್ತಿಕೊಂಡಿತು! ಕಾರು ಬಲಕ್ಕಿದೆ ಎಂದು ನಾನು ಪಂದ್ಯ ಕಟ್ಟಲು ತಯಾರಿದ್ದೆ. ನಕಾಶೆ ಎಡಕ್ಕೆ ತೋರಿಸಿತು. ಡೇರೆಯನ್ನು ಅಲ್ಲೇ ಬಿಟ್ಟು, ಒಬ್ಬರನ್ನೊಬ್ಬರು ಹಿಡಿದುಕೊಂಡು, ಎಡಗೆನ್ನೆಗೆ ಗಾಳಿ ಬಡಿಯುವಂತೆ ದಿಕ್ಕು ನೆನಪಿಟ್ಟುಕೊಂಡು ನಡೆದೆವು. ಆರೇಳು ನಿಮಿಷದಲ್ಲಿ ಪರದೆ ಮತ್ತೆ ಸತ್ತಿತು. ಗಾಳಿಯನ್ನು ಅದೇ ಕೆನ್ನೆಗೆ ಇಟ್ಟುಕೊಂಡು ಇನ್ನೂ ನೂರು ಹೆಜ್ಜೆ ಹಾಕಿರಬೇಕು. ಬಿಳುಪಿನೊಳಗಿಂದ ಒಂದು ಒಣಗಿದ ಕ್ರಿಸ್‌ಮಸ್ ಮರ ಎದ್ದು ಬಂತು. ಅದರಾಚೆ ಇನ್ನೊಂದು. ಆ ಸಾಲು ಹಿಡಿದು ನಡೆದು ಕಾರು ಮುಟ್ಟಿದೆವು. ಆ ಮರಗಳನ್ನು ನೆಟ್ಟ ಪುಣ್ಯಾತ್ಮರು ಯಾರೋ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ತಪ್ಪಿದ್ದು ಎಲ್ಲಿ?

ಮರುದಿನ ಅದೇ ಮೇಜಿನ ಮೇಲೆ ಅದೇ ಕಾಗದ. ಭಾಗಾಕಾರ ಸರಿಯಾಗಿತ್ತು. ತಪ್ಪಿದ್ದು ಆ 7 ಎಂಬ ಅಂಕಿಯನ್ನು ನಂಬಿದ್ದರಲ್ಲಿ. ಬ್ಯಾಟರಿಯ ವಿವರಪತ್ರ ಓದಿದರೆ ತಿಳಿಯುತ್ತದೆ: ಆ 7 ಆಂಪಿಯರ್-ಗಂಟೆ ಎಂಬುದು 25 ಡಿಗ್ರಿ ಉಷ್ಣಮಾನದಲ್ಲಿ, ಹೊಸ ಬ್ಯಾಟರಿಯಿಂದ, 0.35 ಆಂಪಿಯರಿನಂತೆ ನಿಧಾನವಾಗಿ 20 ಗಂಟೆ ಎಳೆದಾಗ ಸಿಗುವ ಅಳತೆ. ನಾವು ಎಳೆದದ್ದು ಅದರ ಎರಡು ಪಟ್ಟಿಗೂ ಹೆಚ್ಚು ರಭಸದಲ್ಲಿ. ಬ್ಯಾಟರಿ ಹಳೆಯದು. ಎಲ್ಲಕ್ಕಿಂತ ಮಿಗಿಲಾಗಿ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಸೀಸದ ಬ್ಯಾಟರಿ ಕೊಡುವುದು ತನ್ನ ಸಾಮರ್ಥ್ಯದ ಹೆಚ್ಚುಕಡಿಮೆ ಅರ್ಧ ಮಾತ್ರ. ಅಂಕಿಯ ಹಿಂದಿನ ಷರತ್ತುಗಳನ್ನು ಓದದೆ ಅಂಕಿಯನ್ನಷ್ಟೇ ಓದಿದ್ದೆ.

ಇನ್ನೂ ಒಂದು ಪಾಠ ಬಾಕಿ ಇತ್ತು. ಖಾಲಿಯಾದ ಆ ಬ್ಯಾಟರಿಯನ್ನು ಹೊರಗಿನ ಗ್ಯಾರೇಜಿನಲ್ಲಿ ಎರಡು ದಿನ ಮರೆತೆವು. ತೆಗೆದು ನೋಡಿದರೆ ಹೊಟ್ಟೆ ಉಬ್ಬಿ ಮೈ ಸೀಳಿತ್ತು. ತುಂಬಿದ ಬ್ಯಾಟರಿಯ ಆಮ್ಲ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಖಾಲಿಯಾದಂತೆ ಆಮ್ಲ ತೆಳುವಾಗಿ ನೀರಿನಂತಾಗುತ್ತದೆ. ಆಗ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುವ ಮುನ್ನವೇ ಗಡ್ಡೆಕಟ್ಟಬಲ್ಲದು. ಅದನ್ನು ಕಸಕ್ಕೆ ಎಸೆಯುವಂತಿಲ್ಲ. ಮರುಬಳಕೆಯ ಕೇಂದ್ರಕ್ಕೆ ಕೊಟ್ಟು ಬಂದೆವು.

ಹೊಸ ಬ್ಯಾಟರಿ ಆರಿಸುವ ಕೆಲಸವನ್ನು ಈ ಸಲ ಮೊಮ್ಮಗಳಿಗೇ ಬಿಟ್ಟೆ. ಅವಳು ಲೆಕ್ಕವನ್ನು ತಿರುಗಿಸಿ ಹಾಕಿದಳು. ಎಂಟು ಗಂಟೆ ಬೇಕು; 0.8ರಿಂದ ಗುಣಿಸಿದರೆ 6.4. ಚಳಿಯಲ್ಲಿ ಸಿಗುವುದು ಹತ್ತರಲ್ಲಿ ಆರು ಪಾಲು ಎಂದಿಟ್ಟುಕೊಂಡು 0.6ರಿಂದ ಭಾಗಿಸಿದರೆ ಸುಮಾರು 10.7. ಅಂದರೆ 12 ಆಂಪಿಯರ್-ಗಂಟೆಯದು ಕೊಳ್ಳಬೇಕು. ಸೀಸದ್ದಾದರೆ ಅದು ನಾಲ್ಕು ಕಿಲೋಗೆ ಹತ್ತಿರ. ಜೊತೆಗೆ ಪ್ರತಿ ಸಲವೂ ಪೂರ್ತಿ ಬರಿದು ಮಾಡಿದರೆ ಅದರ ಆಯುಸ್ಸು ಬೇಗ ತೀರುತ್ತದೆ. ಬೆಲೆ ಮಾತ್ರ ಅಗ್ಗ.

ಇನ್ನೊಂದು ಜಾತಿ ಲೀಥಿಯಂ ಐರನ್ ಫಾಸ್ಫೇಟ್. ತೂಕ ಅದರ ಅರ್ಧಕ್ಕಿಂತ ಕಡಿಮೆ. 3.2 ವೋಲ್ಟಿನ ನಾಲ್ಕು ಕೋಶ ಸೇರಿ 12.8 ವೋಲ್ಟ್, ಕೊನೆಯವರೆಗೂ ವೋಲ್ಟೇಜು ಬಹುತೇಕ ಸಮನಾಗಿರುತ್ತದೆ. ಸಾವಿರಾರು ಸಲ ಚಾರ್ಜು ಮಾಡಬಹುದು. ಚಳಿ ಇದಕ್ಕೂ ತಾಗುತ್ತದೆ. ಆದರೆ ಒಂದು ಕಟ್ಟುನಿಟ್ಟು: ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಬಳಸಬಹುದೇ ಹೊರತು ಚಾರ್ಜು ಮಾಡಬಾರದು. ಮಾಡಿದರೆ ಒಳಗೆ ಲೀಥಿಯಂ ಲೋಹವಾಗಿ ಅಂಟಿಕೊಂಡು ಕೋಶ ಕೆಡುತ್ತದೆ. ಮನೆಗೆ ತಂದು, ಬೆಚ್ಚಗಾದ ಮೇಲೆ, ಅದಕ್ಕೆಂದೇ ಇರುವ ಚಾರ್ಜರಿನಿಂದಲೇ ತುಂಬಬೇಕು. ಆಗ ಬೆಲೆ ನಾಲ್ಕೈದು ಪಟ್ಟು ಇತ್ತು. ಈಗ ಅಂತರ ಕಡಿಮೆಯಾಗಿದೆ.

ಡ್ರಿಲ್ ಯಂತ್ರದ 18 ವೋಲ್ಟಿನ ಬ್ಯಾಟರಿ ಮನೆಯಲ್ಲೇ ಇದೆಯಲ್ಲ ಎಂದು ಅಳಿಯ ಕೇಳಿದ. ಕೈಪಿಡಿ ತೆರೆದು ನೋಡಿದಳು. ಯಂತ್ರ ತಾಳುವುದು 17 ವೋಲ್ಟಿನವರೆಗೆ ಮಾತ್ರ; ನಡುವೆ ವೋಲ್ಟೇಜು ಇಳಿಸುವ ಸಾಧನವಿಲ್ಲದೆ ಕೂಡದು. ಕೊನೆಗೆ ಲೀಥಿಯಂ ಬ್ಯಾಟರಿಯೇ ಬಂತು. ಕೆಂಪು ತಂತಿಗೆ ಬ್ಯಾಟರಿಯ ಹತ್ತಿರವೇ 3 ಆಂಪಿಯರಿನ ಫ್ಯೂಸು. ಬ್ಯಾಟರಿಗೆ ಉಣ್ಣೆಯ ಹಳೆಯ ಟೋಪಿಯ ಹೊದಿಕೆ. ಅದರ ಜೊತೆಗೆ ಬ್ಯಾಟರಿಯೇ ಬೇಡದ ಒಂದು ದಿಕ್ಸೂಚಿ. ಇದು ಅಜ್ಜನ ಕಾಣಿಕೆ.

ಈ ಬ್ಯಾಟರಿಯ ಹಿಂದಿನ ರಸಾಯನವನ್ನು ಜಗತ್ತಿಗೆ ತಿಳಿಸಿದ 1997ರ ಪ್ರಬಂಧ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ್ದು. ಲೇಖಕರು ಪಾಢಿ, ನಂಜುಂಡಸ್ವಾಮಿ ಮತ್ತು ಗುಡೆನಫ್. ಆ ನಡುವಿನ ಹೆಸರು ಓದಿ ನನಗೆ ಊರಿನ ದಾರಿಯಲ್ಲಿ ಪರಿಚಿತರು ಎದುರಾದಷ್ಟು ಖುಷಿಯಾಯಿತು. ಜಾನ್ ಗುಡೆನಫ್ ಅವರಿಗೆ ಅದೇ 2019ರ ಅಕ್ಟೋಬರಿನಲ್ಲಿ ಲೀಥಿಯಂ ಬ್ಯಾಟರಿಗಳ ಸಾಧನೆಗಾಗಿ ಇತರ ಇಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. ಆಗ ಅವರ ವಯಸ್ಸು 97.

ಊರಿಗೆ ಮರಳಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿಗಳ ತಂದೆತಾಯಂದಿರು ಮಕ್ಕಳ ಅಂಕಪಟ್ಟಿ ಹಿಡಿದು ಬಂದಾಗ ನನಗೆ ಆ ಬ್ಯಾಟರಿಯ ನೆನಪಾಗುತ್ತದೆ. ಅಂಕಿ ಸುಳ್ಳಲ್ಲ. ಆದರೆ ಅದು ಯಾವ ಕೊಠಡಿಯಲ್ಲಿ, ಎಷ್ಟು ಹೊತ್ತಿಗೆ, ಯಾವ ಹವೆಯಲ್ಲಿ ಅಳೆದದ್ದು ಎಂದು ಕೇಳದೆ ಇರಬಾರದು. ಮಂಕಾದ ಹುಡುಗನನ್ನು ಖಾಲಿ ಎಂದು ಎತ್ತಿಡುವ ಮುನ್ನ, ಒಂದಿಷ್ಟು ಹೊತ್ತು ಕೋಟಿನೊಳಗೆ ಬೆಚ್ಚಗಿಟ್ಟು ನೋಡಬಹುದು.

ಆ ಕಾಗದ ಇಂದಿಗೂ ಮಗಳ ಮನೆಯ ಫ್ರಿಜ್ಜಿನ ಬಾಗಿಲಿನ ಮೇಲಿದೆಯಂತೆ. ನನ್ನ ಎರಡು ಗೆರೆಗಳ ಕೆಳಗೆ ಮೊಮ್ಮಗಳು ತನ್ನ ಸೊಟ್ಟ ಕನ್ನಡದಲ್ಲಿ ಬರೆದಿದ್ದಾಳೆ: "ಅಜ್ಜನ ಲೆಕ್ಕ, ಎಂಟೂಮುಕ್ಕಾಲು ಗಂಟೆ. ಕೆರೆಯ ಲೆಕ್ಕ, ನಾಲ್ಕೂಕಾಲು."